ಬೆನ್ನ ಹಿಂದಿನ ಹನ್ನೊಂದು ಹೆಂಗಸರು

ಜೊಂಬಾ, ಮಂಗಳವಾರ

ಪರೀಕ್ಷಾಧಿಕಾರಿಗಳಿಗೆ ನಮಸ್ಕಾರ.

ಆನ್‌ಲೈನ್ ಪರೀಕ್ಷೆಯ ಹೊತ್ತಿನಲ್ಲಿ ನನ್ನ ಬೆನ್ನ ಹಿಂದೆ ಹನ್ನೊಂದು ಹೆಂಗಸರು ಕಂಡರೆಂದು ನನ್ನನ್ನು ಫೇಲು ಮಾಡಿದ್ದೀರಿ. ಅವರಲ್ಲಿ ಯಾರಿಗೂ ಲೆಕ್ಕಶಾಸ್ತ್ರ ಬಾರದು. ಹಿಂದಿನ ದಿನ ನನ್ನ ಗಂಡ ಗ್ರೆಶಮ್‌ನನ್ನು ಮಣ್ಣು ಮಾಡಿದ್ದೆವು. ಸಾವಿನ ಮನೆಯ ಬಾಗಿಲು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹೆಂಗಸರು ಬಂದು ಚಾಪೆಯ ಮೇಲೆ ಜೊತೆಗೆ ಕೂರುತ್ತಾರೆ. ಅವರಲ್ಲಿದ್ದ ನನ್ನ ದೊಡ್ಡಮ್ಮ ಪಿಸುಗುಟ್ಟಿದ್ದು ಉತ್ತರವಲ್ಲ. "ಬರಿಯಮ್ಮ. ಅವ್ನಂತೂ ಹೋದ, ಇದೂ ಹೋದ್ರೆ ಏನ್ ಮಾಡ್ತೀಯ?" ಎಂದರು, ಅಷ್ಟೆ.

ನನಗೆ ನಲವತ್ತೇಳು. ಇತಿಹಾಸದಲ್ಲಿ ಪಡೆದ ನನ್ನ ಮೊದಲ ಪದವಿಗೆ ಇಲ್ಲಿ ಕೆಲಸವಿಲ್ಲ. ಎರಡನೆಯದಕ್ಕೆ ಕೈಗೆಟುಕಿದ್ದು ನಿಮ್ಮ ವಿಶ್ವವಿದ್ಯಾಲಯವೊಂದೇ. ಮತ್ತೆ ಶುಲ್ಕ ಕಟ್ಟಲಾರೆ. ದಯವಿಟ್ಟು ಇನ್ನೊಮ್ಮೆ ಬರೆಯಲು ಬಿಡಿ.

ಹೆಂಗಸರೆಲ್ಲ ಊರಿಗೆ ಹೋದರು. ಈ ಸಲ ಕ್ಯಾಮೆರಾದಲ್ಲಿ ಎಷ್ಟು ಹುಡುಕಿದರೂ ಈ ಮನೆಯಲ್ಲಿ ನನ್ನ ಹೊರತು ಯಾರೂ ಕಾಣುವುದಿಲ್ಲ.

ಇಂತಿ ತಮ್ಮ ವಿದ್ಯಾರ್ಥಿನಿ,
ಎಲಿಫಾ ಮ್ವಾಲೆ