ಗೋಡೆಯ ಅಶ್ವತ್ಥ

ಅತ್ತೇ,

ಗಂಜಿ ಕುಕ್ಕರಿನಲ್ಲಿದೆ. ಉಂಡ ಮೇಲೆ ಬಿಪಿ ಮಾತ್ರೆ ಮರೆಯಬೇಡಿ.

ಇವತ್ತು ಶನಿವಾರವೆಂದು ಬಾತ್‌ರೂಮಿನ ಕಿಟಕಿಯಿಂದ ಗೋಡೆಯ ಅಶ್ವತ್ಥಕ್ಕೆ ನೀರು ಹಾಕಬೇಡಿ. ಹಾಕಲೇಬೇಕಿದ್ದರೆ ಕುಂಡದ ತುಳಸಿಗೆ ಹಾಕಿ, ಒಣಗುತ್ತಿದೆ.

ಮಣ್ಣಿಲ್ಲದೆ ಬೆಳೆದದ್ದು ದೇವರ ಮಹಿಮೆ ಅನ್ನುತ್ತೀರಿ. ಮಹಿಮೆಯೇನಲ್ಲ. ಗಿಡಕ್ಕೆ ಮಣ್ಣು ಬೇಕಾಗುವುದು ನೀರಿಗೆ, ಸಾರಕ್ಕೆ, ಬೇರಿನ ಹಿಡಿತಕ್ಕೆ. ಈ ಅಶ್ವತ್ಥಕ್ಕೆ ಅಷ್ಟೂ ನಮ್ಮ ಸೋರುವ ಪೈಪು, ಬಿರುಕು ಬಿಟ್ಟ ಗೋಡೆಯಲ್ಲೇ ಸಿಕ್ಕಿದೆ.

ನಿನ್ನೆ ಬೆಳಿಗ್ಗೆ ಅದೇ ಗೋಡೆಯ ಒಳಬದಿಯ ಪ್ಲಾಸ್ಟರ್ ಕಳಚಿ ನಿಮ್ಮ ಮೊಮ್ಮಗಳ ದಿಂಬಿನ ಮೇಲೆ ಬಿತ್ತು. ಅವಳು ಆಗಷ್ಟೇ ಹಲ್ಲುಜ್ಜಲು ಎದ್ದಿದ್ದಳು. ನೀವು ಹೆದರುತ್ತೀರೆಂದು ಹೇಳದೆ ಗುಡಿಸಿಹಾಕಿದೆ.

ಆ ಗಿಡ ಕಡಿಯಲು ಬಿಲ್ಡಿಂಗಿನಲ್ಲಿ ಯಾರೂ ಒಪ್ಪುತ್ತಿಲ್ಲ. ಸಂಜೆ ಪೊಲೀಸ್ ಠಾಣೆಯ ಡ್ಯೂಟಿ ಮುಗಿಸಿ ಬಂದು ನಾನೇ ಕಡಿಯುತ್ತೇನೆ. ದೋಷ ಬಂದರೆ ನನಗೇ ಬರಲಿ.

ಇವತ್ತಿನಿಂದ ಮಗು ಅಡುಗೆಮನೆಯಲ್ಲೇ ಮಲಗಲಿ. ಕಡಿದರೂ ಬೇರು ಗೋಡೆಯೊಳಗೇ ಇರುತ್ತದೆ.

ರಮಿತಾ