ಪರದೆ ಕಟ್ಟಿದ ನಾವೆ

ಜೇವರ್ಗಿ
ಅಕ್ಟೋಬರ್ ೪, ೧೯೪೮, ಸೋಮವಾರ

ಆಯಿ,

ನಿನ್ನ ಪಾದಕ್ಕೆ ತಲೆಯಿಟ್ಟು ಸುಲಭಾ ಬರೆಯುವ ಪತ್ರ. ನಾನೂ ಇವರೂ ಜೀವದಿಂದಿದ್ದೇವೆ, ಮನೆಗೂ ಏನೂ ಆಗಿಲ್ಲ. ಇದನ್ನು ಮೊದಲೇ ಬರೆದೆ, ಇಲ್ಲದಿದ್ದರೆ ಎದೆ ಹೊಡೆದುಕೊಳ್ಳುತ್ತಲೇ ಓದುತ್ತೀ.

ಹೋದ ಸಂಕ್ರಮಣದಲ್ಲಿ ನಿನಗೊಂದು ಪತ್ರ ಬರೆದಿದ್ದೆ. ಪಕ್ಕದ ಮನೆಯ ಪೋಲೀಸು ದಾರೋಗಾ ಸಾಹೇಬರ ಹೆಂಡತಿ ನಜಮುನ್ನಿಸಾಳ ಸಂಗಡ ಎಂಟು ದಿನ ಭೀಮೆಯಲ್ಲಿ ನಾವೆಯ ಮೇಲೆ ತಿರುಗಾಡಿದೆ, ನಡುಗಡ್ಡೆಗಳಲ್ಲಿ ಇಳಿದು ಜೋಳದ ಹಸಿ ತೆನೆಯ ಸೀತನಿ ಸುಟ್ಟು ತಿಂದೆವು ಎಂದು. ನೀನು ವಿಜಾಪುರದಿಂದ ಬೈದು ಬರೆದಿದ್ದೆ: “ಗಂಡ ತಲೆಮರೆಸಿಕೊಂಡಾನ, ಊರೂರಿಗೆ ಬೆಂಕಿ ಬಿದ್ದದ, ನಿನಗ ಜಲಕ್ರೀಡಾ ಬೇಕಾಗ್ಯದೇನು?” ಆಯಿ, ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಆ ನಾವೆಯಲ್ಲಿ ಇವರೂ ಇದ್ದರು ಎಂಬುದೊಂದನ್ನು ಬಿಟ್ಟಿದ್ದೆ.

ಇವರು ಹೈದರಾಬಾದ್ ಸರಕಾರದ ವಿರುದ್ಧ ಭಾಷಣ ಮಾಡಿ ವಾರಂಟು ತಂದುಕೊಂಡದ್ದು ನಿನಗೆ ಗೊತ್ತು. ಸೊಲ್ಲಾಪುರಕ್ಕೆ ಹೋದರೆಂದು ನಾನು ಊರಿಗೆಲ್ಲ ಹೇಳಿದ್ದೆ. ನಿಜವಾಗಿ ಅವರು ನಮ್ಮ ಅಟ್ಟದ ಮೇಲೆಯೇ ಇದ್ದರು. ಪೋಲೀಸರು ಬಂದ ದಿನ ಹಿತ್ತಲ ಗೋಡೆ ಹಾರಿ ಪಾದ ಮುರಿದುಕೊಂಡಿದ್ದರು, ಹತ್ತು ಹೆಜ್ಜೆ ನಡೆಯುವ ಹಾಗಿರಲಿಲ್ಲ. ಒಂದು ತಿಂಗಳು ಹಾಗೆಯೇ ಕಳೆಯಿತು. ಒಂದು ಮಧ್ಯಾಹ್ನ ನಜಮುನ್ನಿಸಾ ಬಂದು ನನ್ನ ಕೈಯಲ್ಲಿ ಸಣ್ಣದೊಂದು ಪುಡಿಕೆ ಇಟ್ಟಳು. “ಸುಲಭಾಬಾಯಿ, ನಿಮ್ಮ ಅಟ್ಟದಾಗಿನ ಇಲಿಗೆ ಕೆಮ್ಮು ಬಂದದ. ಜ್ಯೇಷ್ಠಮಧು ಕೊಡ್ರಿ” ಎಂದಳು. ನಡುವಿನ ಗೋಡೆ ಒಂದೇ ಅಲ್ಲವೇ, ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಎಂದಿನಿಂದ ಕೇಳಿಸುತ್ತಿತ್ತೋ!

ಇವರನ್ನು ಗಡಿ ದಾಟಿಸಬೇಕಿತ್ತು, ಆದರೆ ದಾರಿಯೆಲ್ಲ ತಪಾಸಣೆ. ಬಂಡಿಯ ಹುಲ್ಲಿಗೂ ಈಟಿ ಚುಚ್ಚಿ ನೋಡುತ್ತಿದ್ದರು. ನದಿಯ ಯೋಚನೆ ಅವಳದೇ. ಅವಳ ಗಂಡ ಗೌಸಮೊಹಿದ್ದೀನರು ದೀಪಾವಳಿಯಿಂದ ಅಫಜಲಪುರದ ಮೇಲ್ಗಡೆ ಹೊಳೆಯ ದಂಡೆಯ ನಾಕೆಯಲ್ಲಿ, ಗಡಿ ದಾಟುವವರ ತಪಾಸಣೆಗಿದ್ದರು. ಅಲ್ಲಿಂದಾಚೆಯ ದಂಡೆ ಮುಂಬಯಿ ಸರಕಾರದ್ದು. “ಗಂಡನ ಕಡೆ ಹೊಂಟೀನಿ ಅಂದ್ರ ನನ್ನ ಯಾರು ತಡೀತಾರ? ಪರದಾ ಕಟ್ಟಿದ ನಾವಿಯೊಳಗ ಯಾರು ಇಣುಕತಾರ?” ಎಂದಳು. ಸಾಹೇಬರಿಗೆ ಹೇಳಿದ್ದೀರಾ ಎಂದು ಕೇಳಿದೆ. “ಇಲ್ಲ. ಹೇಳಿದ್ರ ಅವರು ಸರಕಾರಕ್ಕರ ಸುಳ್ಳು ಹೇಳಬೇಕಾಗ್ತದ, ಇಲ್ಲಾ ನನಗರ.”

ಅಂಬಿಗರ ಚಂದಪ್ಪ ನಾವೆಯ ಮೇಲೆ ಬಿದಿರು ಬಗ್ಗಿಸಿ ಸುತ್ತಲೂ ಪರದೆ ಕಟ್ಟಿದ. ಒಳಗೆ ನಡುವೆ ಇನ್ನೊಂದು ಚಾದರ. ಆ ಕಡೆ ಇವರು, ಈ ಕಡೆ ನಾವಿಬ್ಬರು. ಪರಪುರುಷನ ಎದುರು ಬಾರದ ಹೆಂಗಸು ಎಂಟು ದಿನ ಒಂದು ಬಟ್ಟೆಯ ಅಂತರದಲ್ಲಿ ಕೂತಳು. ಒಮ್ಮೆಯೂ ಆ ಕಡೆ ಮುಖ ಮಾಡಲಿಲ್ಲ.

ಹರಿವಿಗೆ ಎದುರಾಗಿ ಗಳ ಹಾಕುತ್ತ ಹೋಗಬೇಕು, ಆಯಿ. ಅದೂ ಅವಸರವಿಲ್ಲದ ಹಾಗೆ ಕಾಣಬೇಕು. ದೊಡ್ಡ ಮನೆಯ ಹೆಂಗಸರು ಹವಾ ತಿನ್ನಲು ಹೊರಟಂತೆ. ಮಧ್ಯಾಹ್ನಕ್ಕೊಂದು ನಡುಗಡ್ಡೆ, ಸಂಜೆಗೊಂದು ನಡುಗಡ್ಡೆ. ಚಂದಪ್ಪ ಹಗ್ಗ ಕಟ್ಟಿದ ಕಲ್ಲನ್ನು ನೀರಿಗೆ ಬಿಟ್ಟು ನಾವೆ ನಿಲ್ಲಿಸುತ್ತಿದ್ದ, ನಾವು ಇಳಿದು ಒಲೆ ಹೂಡುತ್ತಿದ್ದೆವು. ಬಿಳಿ ಮರಳು, ಜಾಲಿಯ ನೆರಳು, ಮೊಣಕಾಲುದ್ದದ ತಿಳಿನೀರು, ಸಾಲಾಗಿ ನಿಂತ ಕೊಕ್ಕರೆಗಳು. ಅಷ್ಟು ಚೆಂದದ ಹೊಳೆಯನ್ನು ನಾನು ಕಂಡಿರಲಿಲ್ಲ. ಅಷ್ಟು ಅಂಜಿಯೂ ಇರಲಿಲ್ಲ.

ಮೂರನೆಯ ದಿನ ದಂಡೆಯ ಮೇಲೆ ಬಂದೂಕು ಹಿಡಿದ ಆರು ಮಂದಿ ರಜಾಕಾರರು ಬಂದರು. ಯಾರ ನಾವಿ ಎಂದು ಕೂಗಿದರು. ಚಂದಪ್ಪ ದಾರೋಗಾ ಸಾಹೇಬರ ಹೆಸರು ಹೇಳಿದ. ಅವರು ಹೋಗಲಿಲ್ಲ. ಹುಣಸೆಯ ಕೆಳಗೆ ಕೂತು ಬೀಡಿ ಹಚ್ಚಿ ನಮ್ಮನ್ನೇ ನೋಡತೊಡಗಿದರು. ನಾನು ಹೊರಡೋಣ ಎಂದೆ. ನಜಮುನ್ನಿಸಾ ನನ್ನ ಮಣಿಕಟ್ಟು ಹಿಡಿದಳು: “ಈಗ ಹೊಂಟ್ರ ಹಿಂದೇ ಬರ್ತಾರ. ನಗ್ರಿ. ಏನರ ಹೇಳ್ರಿ, ನಗ್ರಿ.” ನಾವು ಸೀತನಿ ಸುಟ್ಟೆವು. ಸೀರೆ ಒಗೆದು ಮರಳ ಮೇಲೆ ಹರವಿದೆವು. ನೀನು ಬೈಯುವುದನ್ನೆಲ್ಲ ನಾನು ಅಣಕಿಸಿ ತೋರಿಸಿದೆ, ಅವಳು ಹೊಟ್ಟೆ ಹಿಡಿದು ನಕ್ಕಳು. ಇವರು ಬಿಸಿಲಿನಲ್ಲಿ ಕಾದ ಪರದೆಯೊಳಗೆ ಬಾಯಿಗೆ ಧೋತರ ತುರುಕಿಕೊಂಡು ಮಲಗಿದ್ದರು. ಒಂದು ಕೆಮ್ಮು ಬಂದಿದ್ದರೆ ಮುಗಿದಿತ್ತು. ಹೊತ್ತು ಇಳಿದ ಮೇಲೆ ಆ ಮಂದಿ ಎದ್ದು ಹೋದರು. ಆಮೇಲೆ ನೋಡಿದರೆ ನನ್ನ ಅಕ್ಕಿಯ ಗಂಟಿಗೆ ನೀರು ಹೊಕ್ಕು ಹಾಳಾಗಿತ್ತು. ಅವಳು ಚಾದರದ ಕೆಳಗಿನಿಂದ ತನ್ನ ರೊಟ್ಟಿ ಸರಿಸಿದಳು. ಇವರು ಉಂಡರು. ನಾನೂ ಉಂಡೆ. ಉಳಿದ ದಿನವೆಲ್ಲ ಅದನ್ನೇ ಉಂಡೆವು. ನಿನ್ನಿಂದ ಮುಚ್ಚಿಡುವುದಿಲ್ಲ.

ಏಳನೆಯ ದಿನ ನಾಕೆ. ಗೌಸಮೊಹಿದ್ದೀನರು ತಾವೇ ದಂಡೆಗಿಳಿದು ಬಂದರು. ಸಂಗಡ ಇಬ್ಬರು ಸಿಪಾಯಿಗಳು. ಗಂಡನಾದವನು ಹೆಂಡತಿಯ ಪರದೆ ಎತ್ತಿದರೆ ಬೇಡ ಎನ್ನುವವರು ಯಾರು? ಅವರು ಮೊಣಕಾಲು ನೀರಿನಲ್ಲಿ ನಿಂತು ಪರದೆಗೆ ಕೈ ಹಾಕಿದರು. ನಜಮುನ್ನಿಸಾ ಒಳಗಿನಿಂದ, “ಸುಲಭಾಬಾಯಿಗೆ ಮೈಯಾಗ ಆರಾಮಿಲ್ಲ, ಮಲಗ್ಯಾರ, ಎತ್ತಬ್ಯಾಡ್ರಿ” ಎಂದಳು. ಅವಳ ದನಿ ನಡುಗಿತು. ಎಂಟು ವರ್ಷ ಸಂಸಾರ ಮಾಡಿದ ಗಂಡನಿಗೆ ಆ ನಡುಕ ತಿಳಿಯದೇ? ಅವರ ಬೆರಳು ಬಟ್ಟೆಯ ಮೇಲೆ ಹಾಗೆಯೇ ಇತ್ತು. ಒಳಗಿನಿಂದ ನಾನು ಆ ಬೆರಳನ್ನೇ ನೋಡುತ್ತಿದ್ದೆ. ಆಮೇಲೆ ಅವರು ಕೈ ತೆಗೆದು ಸಿಪಾಯಿಗಳ ಕಡೆ ತಿರುಗಿ, “ಜನಾನಾ ಅದ, ಹೆಣ್ಣುಮಕ್ಕಳು ಕೂತಾರ, ನಡೀರಿ” ಎಂದರು. ಸ್ವಲ್ಪ ಹೊತ್ತಿಗೆ ಊಟದ ಬುತ್ತಿ ಕಳಿಸಿದರು. ಬಿಚ್ಚಿದರೆ ನಾಲ್ಕು ಮಂದಿಯ ಊಟ. ನಾವಿಬ್ಬರು, ಚಂದಪ್ಪ. ಅವರಿಗೆ ಗೊತ್ತಿದ್ದವರು ಮೂವರೇ. ನಜಮುನ್ನಿಸಾ ಬುತ್ತಿಯ ಮುಂದೆ ಕೂತು ಅತ್ತಳು.

ಮರುದಿನ ಬೆಳಗಿನ ಮಂಜಿನಲ್ಲಿ ಕೊನೆಯ ನಡುಗಡ್ಡೆಯಿಂದ ಚಂದಪ್ಪ ಇವರನ್ನು ಬೆನ್ನ ಮೇಲೆ ಹೊತ್ತು ಆಚೆಯ ದಂಡೆ ಮುಟ್ಟಿಸಿದ. ಇವರು ಹೊರಡುವಾಗ ಚಾದರದ ಕಡೆ ಕೈಮುಗಿದು, “ಅಕ್ಕಾ, ಈ ಜೀವ ನಿಮ್ಮದು” ಎಂದಿದ್ದರು. ನನ್ನ ಕಿವಿಯಿಂದ ಕೇಳಿದ್ದೇನೆ.

ಇನ್ನು ಮುಂದಿನದನ್ನು ಬರೆಯಲು ಮೂರು ದಿನ ಕೂತೆ, ಆಯಿ.

ಸೆಪ್ಟೆಂಬರಿನಲ್ಲಿ ಗಡಿಯಾಚೆಯಿಂದ ಸೈನ್ಯ ಬಂದು ಹೈದರಾಬಾದ್ ಸರಕಾರ ಬಿದ್ದಿತು. ಇವರು ಕೊರಳು ತುಂಬ ಹಾರ ಹಾಕಿಸಿಕೊಂಡು ಊರಿಗೆ ಬಂದರು. ಪೇಢೆ ಹಂಚಿದರು. ಇವರ ಮಾತಿಗೆ ಊರು ತಲೆದೂಗುತ್ತಿತ್ತು. ನಾಕೆ ಮುಚ್ಚಿ ಗೌಸಮೊಹಿದ್ದೀನರೂ ಮನೆಗೆ ಬಂದಿದ್ದರು. ನಾಲ್ಕನೆಯ ದಿನ, ಹಾಡುಹಗಲು, ಹಳೆಯ ಸರಕಾರದ ದಾರೋಗಾ ಎಂದು ಅವರ ಬಾಗಿಲ ಮುಂದೆ ಮಂದಿ ಕೂಡಿದರು. ಅರ್ಧ ಮಂದಿ ನಮಗೆ ಪರಿಚಯದವರೇ. ನಾನು ಇವರ ಕೈ ಹಿಡಿದು ಎಳೆದೆ. ಹೊರಗೆ ನಿಂತು ಒಂದು ಮಾತು ಹೇಳ್ರಿ, ನಾವೆಯ ಸಂಗತಿ ಹೇಳ್ರಿ, ಸಾಕು ಎಂದೆ. ಇವರು ಗೋಡೆ ನೋಡುತ್ತ ಹೇಳಿದರು: “ಮಂದಿ ಸಿಟ್ಟಿನಾಗ ಅದಾರ. ಈಗ ಬ್ಯಾಡ. ನಾಳೆ ನಾ ಮಾತಾಡ್ತೀನಿ.”

ಆ ಮಂದಿ ಗೌಸಮೊಹಿದ್ದೀನರನ್ನು ಹೊಳೆಯ ಕಡೆ ಕರೆದುಕೊಂಡು ಹೋದರು. ಸಂಜೆ ಚಂದಪ್ಪ ಬಂದು ಬಾಗಿಲಲ್ಲಿ ಕುಸಿದು ಕೂತ. ಅವನು ಹೇಳಿದ್ದನ್ನು ನಾನು ಬರೆಯಲಾರೆ.

ತಪ್ಪೆಲ್ಲ ಇವರ ಮೇಲೆ ಹಾಕಿ ನಾನು ಪಾರಾಗುವುದಿಲ್ಲ. ಇವರು ಬೇಡವೆಂದಾಗ ನಾನು ಹೊಸ್ತಿಲವರೆಗೆ ಹೋಗಿ ನಿಂತೆ. ಕೂಗಲು ನನಗೂ ಬಾಯಿತ್ತು. ಗದ್ದಲ ಮುಗಿದ ಮೇಲೆ ಓಡಿದೆ. ನಜಮುನ್ನಿಸಾಳನ್ನು ಹಿಂದಿನ ಬಾಗಿಲಿನಿಂದ ನಮ್ಮ ಮನೆಗೆ ತಂದೆ. ನೀವು ಯಾಕೆ ಬರಲಿಲ್ಲ ಎಂದು ಅವಳು ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಈಗ ಇವರು, “ಎಷ್ಟು ದಿನ ಇಟಕೋತಿ? ಮಂದಿ ಏನಂದಾರು?” ಎನ್ನುತ್ತಿದ್ದಾರೆ. ಮೊನ್ನೆ ನೀರಿನ ಕೊಡ ಮುಟ್ಟಿದಳೆಂದು ಚೆಲ್ಲಿಸಿದರು. ಅವಳ ರೊಟ್ಟಿ ತಿಂದ ಬಾಯಿ. ಅಂದಿನಿಂದ ನಾನು ಇವರ ಸಂಗಡ ಮಾತಾಡಿಲ್ಲ. ಅವಳ ತವರು ದೂರದ ಹೈದರಾಬಾದಿನಲ್ಲಿ, ಅಲ್ಲಿಂದ ಯಾರ ಸುದ್ದಿಯೂ ಇಲ್ಲ.

ಬಾವಿಯ ಮಗ್ಗುಲಿನ ಖೋಲಿ ಖಾಲಿ ಇದೆಯಲ್ಲ, ಅದನ್ನು ಅವಳಿಗೆ ಕೊಡು. ನಿನ್ನ ಮಡಿಗೆ ಅಡ್ಡ ಬರುವುದಿಲ್ಲ, ತನ್ನ ಒಲೆ ತಾನೇ ಹೂಡಿಕೊಳ್ಳುತ್ತಾಳೆ. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಪ್ಪ ಹೋದ ಮೇಲೆ ನೀನು ಆ ದೊಡ್ಡ ಮನೆಯಲ್ಲಿ ಯಾರ ಮಾತಿಗೂ ಅಂಜದೆ ಬದುಕಿದವಳು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನ ಉತ್ತರಕ್ಕೆ ದಾರಿ ನೋಡುತ್ತಿರುತ್ತೇನೆ.

ನಿನ್ನ ಮಗಳು,
ಸುಲಭಾ

ತಾ.ಕ.: ಉತ್ತರಕ್ಕೆ ದಾರಿ ನೋಡುತ್ತೇನೆಂದು ಬರೆದದ್ದು ನಿಜವಲ್ಲ. ಕಾಯಲು ಹೊತ್ತಿಲ್ಲ. ಈ ಪತ್ರ ಟಪಾಲಿನಲ್ಲಿ ಬಂದಿಲ್ಲವೆಂದು ನೀನು ಕಂಡೇ ಇದ್ದೀ. ಇದನ್ನು ನಿನ್ನ ಕೈಯಲ್ಲಿಟ್ಟು ಚಂದಪ್ಪನ ಸಂಗಡ ಅಂಗಳದಲ್ಲಿ ನಿಂತಿರುವ ಬಿಳಿ ಸೆರಗಿನವಳೇ ನಜಮುನ್ನಿಸಾ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಇದರಲ್ಲಿ ಏನಿದೆಯೆಂದು ತಿಳಿಯದು. ಹೊರಡುವಾಗ ನಾನು ಅವಳಿಗೆ ಹೇಳಿದ್ದು ಒಂದೇ ಮಾತು: “ನಮ್ಮ ಆಯಿನೇ ನಿಮ್ಮನ್ನ ಕರಸ್ಯಾಳ.”