ಕಣ್ಣಿಗೆ ಬಿಟ್ಟ ಹನಿ

ಮಾರ್ಚ್ ೧೧
ಕಣ್ಣಾಸ್ಪತ್ರೆಯ ಲ್ಯಾಬಿನಿಂದ

ನನ್ನ ಚಿನಕುರುಳಿಗೆ,

ಅಕ್ಕನ ತುಂಬು ಪ್ರೀತಿ. ನಿನ್ನ ಕಾಗದ ಬಂದು ಏಳು ವಾರವಾಯಿತು. "ಉತ್ತರ ಬರೆಯೋಕೂ ಆಗದಷ್ಟು ದೊಡ್ಡವಳಾಗ್ಬಿಟ್ಯಾ?" ಎಂದು ನೀನು ಮೂಗು ಮುರಿಯುವುದು ಇಲ್ಲಿಂದಲೇ ಕಾಣುತ್ತಿದೆ. ತಪ್ಪು ನನ್ನದೇ, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಎದ್ದುಬಿಡುತ್ತಿದ್ದೆ.

ಅಮ್ಮ ಚೆನ್ನಾಗಿದ್ದಾಳೆ. ಉಳಿದ ಒಂದೇ ಕಣ್ಣಿನಲ್ಲಿ ಈಗಲೂ ಅಕ್ಕಪಕ್ಕದವರ ದಿಂಬಿನ ಚೀಲ ಹೊಲಿಯುತ್ತಾಳೆ. ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನನ್ನು ಕೂಗುತ್ತಾಳೆ. ಹತ್ತಕ್ಕೆ ಎಂಟು ಸಲ ಬಾಯಿಗೆ ನಿನ್ನ ಹೆಸರೇ ಬರುತ್ತದೆ. ನಾನು ತಿದ್ದುವುದಿಲ್ಲ, ಹೋಗಿ ಪೋಣಿಸಿಕೊಡುತ್ತೇನೆ. ನಿನ್ನ ಮಂಚದ ಮೇಲೆ ಹಗಲೆಲ್ಲ ಒಣಗಿದ ಬಟ್ಟೆಯ ರಾಶಿ. ಸಂಜೆಯಾದರೆ ಅದಷ್ಟನ್ನೂ ಎತ್ತಿಬಿಡುತ್ತಾಳೆ. ಯಾಕಮ್ಮಾ ಎಂದರೆ, "ಬಂದ್ರೆ ಮಲಗೋಕೆ ಜಾಗ ಬೇಡ್ವಾ?" ಅನ್ನುತ್ತಾಳೆ. ಆರು ವರ್ಷದಿಂದ ಹೀಗೇ.

ನನ್ನ ಕೆಲಸದಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳಲೇಬೇಕು.

ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾದವರು ಇಲ್ಲಿ ವಾರಕ್ಕೆ ಹತ್ತಾರು ಜನ. ಹೊಲದಲ್ಲಿ ಹುಲ್ಲು ಚುಚ್ಚಿದವರು, ಕಲ್ಲಿನ ಚೂರು ಸಿಡಿದವರು, ಧೂಳು ಬಿತ್ತೆಂದು ಕೊಳಕು ಬಟ್ಟೆಯಲ್ಲಿ ಉಜ್ಜಿಕೊಂಡವರು. ಹುಣ್ಣಿನ ಅಂಚಿನಿಂದ ಡಾಕ್ಟರಮ್ಮ ಸಾಸಿವೆಗಿಂತ ಸಣ್ಣ ಚೂರು ಕೆರೆದು ಕೊಡುತ್ತಾರೆ. ಅದನ್ನು ಸ್ಲೈಡಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಮೇಲಿಂದ ಎಲ್ಲ ಹುಣ್ಣೂ ಹೆಚ್ಚುಕಡಿಮೆ ಒಂದೇ ಥರ. ಒಳಗಿನ ಕಳ್ಳ ಬೇರೆ ಬೇರೆ. ಬ್ಯಾಕ್ಟೀರಿಯಾಕ್ಕೆ ಒಂದು ಔಷಧಿ, ಬೂಷ್ಟಿಗೆ ಇನ್ನೊಂದು. ಕಳ್ಳನನ್ನು ಬಿಟ್ಟು ಸನ್ಯಾಸಿಯನ್ನು ಹಿಡಿದರೆ ಕಣ್ಣು ಹೋದಂತೆಯೇ.

ನಿನ್ನ ಕಾಗದ ಬಂದ ವಾರವೇ ಕುಯಿಲಿನ ಕೆಲಸದ ಒಬ್ಬ ಹೆಂಗಸು ಬಂದಳು. ಪೈರಿನ ಎಲೆ ಕಣ್ಣಿಗೆ ಹೊಡೆದು ಹನ್ನೆರಡು ದಿನವಾಗಿತ್ತು. ಜೊತೆಯಲ್ಲಿ ಲಾರಿಗೆ ಮೂಟೆ ಹೊರುವ ಗಂಡ. ಕೋಣನಂಥ ಆಳು, ಹೆಂಡತಿಯ ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಿದ್ದ.

"ಕಣ್ಣಿಗೆ ಏನಾದ್ರೂ ಹಾಕಿದ್ರಾ? ಹನಿ, ಎಣ್ಣೆ, ಸೊಪ್ಪಿನ ರಸ?" ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲಮ್ಮಾ, ತಣ್ಣೀರಲ್ಲಿ ತೊಳೆದ್ವಿ ಅಷ್ಟೆ," ಎಂದ ಗಂಡ. ಅವಳು ಒಳ್ಳೆಯ ಕಣ್ಣಿನಲ್ಲಿ ಅವನನ್ನೇ ನೋಡಿದಳು.

ಮೊದಲ ಸಲ ಕೆರೆದದ್ದರಲ್ಲಿ ನನಗೆ ಏನೂ ಕಾಣಲಿಲ್ಲ. ಬೆಳೆಸಿ ನೋಡಲು ತಟ್ಟೆಯಲ್ಲಿಟ್ಟೆವು, ಆದರೆ ಅದಕ್ಕೆ ದಿನಗಳು ಬೇಕು. ಅಲ್ಲಿಯವರೆಗೆ ಬ್ಯಾಕ್ಟೀರಿಯಾದ ಔಷಧಿ ಶುರುವಾಯಿತು. ಮೂರನೆಯ ದಿನ ಹುಣ್ಣು ಇನ್ನೂ ಹರಡಿತ್ತು. ಕಣ್ಣಿನ ತಳದಲ್ಲಿ ಕೀವು ನಿಂತಿತ್ತು. "ಇನ್ನೊಂದ್ಸಲ ಕೆರೀಬೇಕು," ಎಂದರು ಡಾಕ್ಟರಮ್ಮ.

ಆಗ ಆ ಗಂಡ ಲ್ಯಾಬಿನ ಬಾಗಿಲಿಗೆ ಬಂದ. ಅಂಗಿಯ ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದ.

"ಅಕ್ಕಾ, ಹೋದ ವರ್ಷ ನನ್ನ ಕಣ್ಣು ಕೆಂಪಾದಾಗ ತಂದಿದ್ದು. ನಂಗೆ ಎರಡೇ ದಿನಕ್ಕೆ ವಾಸಿಯಾಗಿತ್ತು. ಅದಕ್ಕೇ ಅವಳಿಗೂ ಬಿಟ್ಟೆ. ಡಾಕ್ಟ್ರು ಕೊಟ್ಟಿದ್ದು ಅಂತ ಸುಳ್ಳು ಹೇಳ್ದೆ."

ಸೀಸೆ ಇಸಿದುಕೊಂಡು ಚೀಟಿ ಓದಿದೆ. ಸ್ಟೀರಾಯ್ಡ್ ಹನಿ. ಕೆಂಪು ಇಳಿಸುತ್ತದೆ, ಉರಿ ತಗ್ಗಿಸುತ್ತದೆ, ವಾಸಿಯಾಯಿತೆಂದು ನಂಬಿಸುತ್ತದೆ. ಒಳಗೆ ಬೂಷ್ಟಿದ್ದರೆ ಅದಕ್ಕೆ ಹಾಸಿಗೆ ಹಾಸಿಕೊಟ್ಟಂತೆ.

ಎರಡನೆಯ ಸಲ ಡಾಕ್ಟರಮ್ಮ ಆಳದಿಂದ ಕೆರೆದುಕೊಟ್ಟರು. ಸ್ಲೈಡಿನ ಮೇಲೆ ಬೂಷ್ಟನ್ನು ಎದ್ದು ಕಾಣಿಸುವ ಕ್ಷಾರದ ಹನಿ ಬಿಟ್ಟು, ಮೂಲೆ ಮೂಲೆಯನ್ನೂ ಹುಡುಕಿದೆ. ಕಂಡವು: ಬಿಚ್ಚಿದ ಹಗ್ಗದ ಎಳೆಗಳಂತೆ ಕವಲೊಡೆದ ಬೂಷ್ಟಿನ ದಾರಗಳು. ಓಡಿಹೋಗಿ ಹೇಳಿದೆ. ಅಂದೇ ಔಷಧಿ ಬದಲಾಯಿತು.

ಅವನು ಹೆಂಡತಿಯ ಹಾಸಿಗೆಯ ಪಕ್ಕ ಕುಕ್ಕರಿಸಿ ಎಲ್ಲವನ್ನೂ ಹೇಳಿಕೊಂಡ. ವಾರ್ಡಿಗೆ ವಾರ್ಡೇ ಕೇಳಿಸಿಕೊಳ್ಳುತ್ತಿತ್ತು.

"ಗೊತ್ತಿತ್ತು," ಎಂದಳು ಅವಳು. "ಹನಿ ಬಿಟ್ಟಿದ್ದೇ ತಡ ನೀನು ಸೀಸೇನ ಜೇಬಲ್ಲಿ ಬಚ್ಚಿಡ್ತಿದ್ದೆ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಈಗ ಆ ಚಪ್ಪಲಿ ಕೆಳಗಿಡು ಮಾರಾಯ, ನೋಡಿದೋರು ಏನಂದ್ಕೋಬೇಕು!"

ಐದು ವಾರ ಹಿಡಿಯಿತು. ಗುಡ್ಡೆಯ ಮೇಲೆ ಬಿಳಿ ಕಲೆ ಉಳಿದಿದೆ, ಆದರೆ ಕಣ್ಣು ಉಳಿಯಿತು. ಡಾಕ್ಟರಮ್ಮ ಕೋಣೆಯ ಆ ತುದಿಯಿಂದ ಬೆರಳು ತೋರಿಸಿದರೆ, "ನಾಲ್ಕು. ಹೆಬ್ಬೆಟ್ಟು ಮಡಚ್ಕೊಂಡಿದೀರ, ಅದೂ ಕಾಣತ್ತೆ," ಎಂದಳು. ಎಲ್ಲರೂ ನಕ್ಕರು. ನಾನು ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಊಟ ನಿದ್ದೆ ಬಿಡಬೇಡ. ನೀನಿರುವಲ್ಲಿ ನಾಲ್ಕು ಜನ ನಿನ್ನವರೆನ್ನುವವರು ಸಿಗಲಿ. ನಿನ್ನ ಬಾಳು ತಂಪಾಗಿರಲಿ, ಕಂದಾ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಹರಿದೆ.

ಅಮ್ಮನ ಕಣ್ಣು ಹೋದದ್ದು ಮೆಡಿಕಲ್ ಶಾಪಿನವನಿಂದಲ್ಲ. ನೀನು ಮದುವೆಯಾಗಬೇಕಿದ್ದ ಅವನೇ ಕಂಡಕಂಡ ಹನಿ ಕೊಟ್ಟು ಅಮ್ಮನನ್ನು ಕುರುಡಿ ಮಾಡಿದ ಎಂದು ನಡುರಸ್ತೆಯಲ್ಲಿ ಕೂಗಾಡಿ, ಆ ವಾರವೇ ಊರು ಬಿಟ್ಟೆಯಲ್ಲ? ಆ ಹನಿ ನನ್ನದು. ನನ್ನ ಕಣ್ಣುರಿಗೆ ತಂದು ಉಳಿದಿದ್ದ ಸೀಸೆ. ಅವನ ಅಂಗಡಿಗೆ ಹೋಗಿದ್ದೆ ನಿಜ. "ಅಕ್ಕಾ, ಕಸ ಬಿದ್ದ ಕಣ್ಣು, ನಾನೇನೂ ಕೊಡಲ್ಲ. ಇವತ್ತೇ ಡಾಕ್ಟರಿಗೆ ತೋರ್ಸಿ," ಎಂದು ಬರಿಗೈಯಲ್ಲಿ ಕಳಿಸಿದ. ಆಗಿನ ಕೆಲಸದಲ್ಲಿ ರಜೆ ಕೇಳಲು ಹೆದರಿ, ಮನೆಯಲ್ಲಿದ್ದುದನ್ನೇ ಬಿಟ್ಟೆ. ಅಮ್ಮನಿಗೆ "ಅಂಗಡಿಯದು" ಎಂದೆ. ನೀನು ಕೂಗಾಡುವಾಗ ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನೂ ಬಾಯಿ ಬಿಡಲಿಲ್ಲ.

ಸೋಮವಾರ ಅವನ ಹತ್ತಿರ ಹೋಗಿ, ಆವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅವನಿಗೀಗ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ನಿನಗೆ ಆಸೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. "ನಾನು ಹೊರಗಿನವ್ನು, ನನ್ನ ಬಿಟ್ಟು ಬದುಕ್ತಾಳೆ," ಎಂದ. "ಅಕ್ಕನ್ನೂ ಕಳ್ಕೊಂಡ್ರೆ ಅವಳಿಗೆ ಯಾರಿರ್ತಾರೆ ಅಂದ್ಕೊಂಡೆ."

ಅಮ್ಮನಿಗೆ ನಿನ್ನೆ ಹೇಳಿದೆ. ಹೊಲಿಯುತ್ತಿದ್ದ ದಿಂಬಿನ ಚೀಲವನ್ನು ಮಡಿಸಿಟ್ಟಳು. ಆಮೇಲೆ, "ಅವಳಿಗೆ ಬರೆದ್ಯಾ?" ಎಂದಳು. ಇಲ್ಲ, ತಿಳಿದರೆ ಅವಳು ಇನ್ನೆಂದೂ ಬರುವುದಿಲ್ಲ ಎಂದೆ.

"ಬರಿ," ಎಂದಳು ಅಮ್ಮ. "ಅವಳು ಬರದಿದ್ರೂ ಬರಿ."